ಹೊಟ್ಟೆಯಲ್ಲಿ ನೀರು, ಸೀಟಿ ಸ್ಕ್ಯಾನಿನಲ್ಲಿ ‘ಒಮೆಂಟಲ್ ಕೇಕ್’: ಟಿಬಿಯೋ, ಕ್ಯಾನ್ಸರೋ?

ಸಾಗರ_ಡ್ಯೂಟಿ: 52 ವರ್ಷದ ಹೆಂಗಸು, ಹೊಟ್ಟೆ ಉಬ್ಬಿದೆ. ಶಿವಮೊಗ್ಗದಲ್ಲಿ ಸೀಟಿ ಸ್ಕ್ಯಾನ್ ಆಯಿತು: ನೀರು ತುಂಬಿದೆ, ಒಮೆಂಟಮ್ (ಕರುಳಿನ ಮುಂದಿನ ಕೊಬ್ಬಿನ ಪೊರೆ) ಕೇಕಿನಂತೆ ದಪ್ಪ, ಅಂಡಾಶಯ ಸರಿಯಿದೆ. ಸಿಎ-125 (ಅಂಡಾಶಯ ಕ್ಯಾನ್ಸರಿನಲ್ಲಿ ಏರುವ ರಕ್ತದ ಗುರುತು) 320. ನೀರಿನ ಸೈಟಾಲಜಿ (ಕ್ಯಾನ್ಸರ್ ಕೋಶ ಹುಡುಕೋ ಪರೀಕ್ಷೆ) ನೆಗೆಟಿವ್. ವರದಿಯಲ್ಲಿ ‘ಟಿಬಿ ಅಥವಾ ಪೆರಿಟೋನಿಯಮ್ (ಹೊಟ್ಟೆಯ ಒಳಪೊರೆ) ಕ್ಯಾನ್ಸರ್’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಟಿಬಿ ಮಾತ್ರೆ ಕೊಟ್ಟು ನೋಡೋದಾ, ಪೆಟ್-ಸೀಟಿಗೆ (ಚುರುಕಾದ ಕೋಶ ಹೊಳೆಯೋ ಸ್ಕ್ಯಾನ್) ಘಟ್ಟ ಇಳಿಸೋದಾ?

ನೆರಳು_ಬೆಳಕು (ರೇಡಿಯಾಲಜಿ): ಎರಡೂ ಈಗಲೇ ಬೇಡ ಡಾಕ್ಟ್ರೇ. ಫಿಲ್ಮ್ ಬಿಡಿ, ಸೀಡಿ ತರಿಸಿ. 5 ಮಿ.ಮೀ. ಸ್ಲೈಸಿನಲ್ಲಿ ಡಯಾಫ್ರಮ್ ಅಡಿಯ ಅಕ್ಕಿಕಾಳಿನಂಥ ಗಂಟುಗಳು ತಪ್ಪಿಹೋಗುತ್ತವೆ, 1–1.5 ಮಿ.ಮೀ. ಡೇಟಾದಿಂದ ಕೊರೊನಲ್ (ಎದುರಿನಿಂದ ಕಾಣೋ) ಚಿತ್ರ ಮಾಡಿಸಿ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸುಮಾರು 70 ಸೆಕೆಂಡಿಗೆ ತೆಗೆದದ್ದೇ ಅಂತಲೂ ಕೇಳಿ. ಕಾಂಟ್ರಾಸ್ಟ್ ಇಲ್ಲದ ಸೀಟಿಯಲ್ಲಿ ಪೆರಿಟೋನಿಯಮ್ ಓದೋದು ಆಷಾಢದಲ್ಲಿ ಆಗುಂಬೆ ಸೂರ್ಯಾಸ್ತ ನೋಡಿದ ಹಾಗೆ.

ಪೆರಿಟೋನಿಯಮ್ ಒಂದೇ ಸಮ ನಯವಾಗಿ ದಪ್ಪವಾಗಿದ್ದು, ಮೆಸೆಂಟ್ರಿಯಲ್ಲಿ (ಕರುಳನ್ನು ಹಿಡಿದಿಡೋ ಪೊರೆ) ನಡು ಕಪ್ಪಾಗಿ ಅಂಚು ಮಾತ್ರ ಬೆಳಗುವ ಗ್ರಂಥಿಗಳಿದ್ದರೆ ಟಿಬಿ ಕಡೆ ವಾಲುತ್ತೆ. ಗಂಟುಗಂಟಾಗಿ, ಒರಟಾಗಿದ್ದರೆ ಕ್ಯಾನ್ಸರ್ ಕಡೆ. ವಾಲುತ್ತೆ ಅಷ್ಟೇ, ತೀರ್ಪಲ್ಲ. ಲಿವರ್, ಸ್ಪ್ಲೀನ್ ಅಂಚು ಒತ್ತಿ ತಗ್ಗು ಬಿದ್ದಿದ್ದರೆ ಸ್ಯೂಡೋಮಿಕ್ಸೋಮಾ (ಹೊಟ್ಟೆ ತುಂಬ ಲೋಳೆ ಹರಡೋ ಗಡ್ಡೆ) ನೆನಪಿರಲಿ, ಅಪೆಂಡಿಕ್ಸ್ 15 ಮಿ.ಮೀ. ಮೀರಿ ಊದಿದೆಯಾ ನೋಡಿ. ಆ ಲೋಳೆ ಸೂಜಿಯಲ್ಲಿ ಎಳೆದರೂ ಬರೋದು ಕಷ್ಟ.

ಗಾಜುಪಟ್ಟಿ (ಪೆಥಾಲಜಿ): ಸೈಟಾಲಜಿ ನೆಗೆಟಿವ್ ಅಂತ ನಿರಾಳ ಆಗಬೇಡಿ. ಮೀಸೋಥೀಲಿಯೋಮಾ (ಪೆರಿಟೋನಿಯಮ್ಮಿನಲ್ಲೇ ಹುಟ್ಟೋ ಕ್ಯಾನ್ಸರ್) ಕೋಶ ನೀರಿನಲ್ಲಿ ಸಿಕ್ಕರೂ ಉರಿಯೂತದ ಕೋಶದಂತೆಯೇ ಕಾಣಬಹುದು. ಸಿಎ-125 ಟಿಬಿಯಲ್ಲೂ ಏರುತ್ತೆ. ನೀರಿನ ಎಡಿಎ (ಟಿಬಿಯಲ್ಲಿ ಏರೋ ಒಂದು ಕಿಣ್ವ) ಮಾಡಿಸಿ. 39 ದಾಟಿದರೆ ಟಿಬಿಗೆ ಬಲ.

ನಿರ್ಣಯ ಆಗೋದು ಬಯಾಪ್ಸಿಯಲ್ಲಿ. ಐಎನ್ಆರ್ (ರಕ್ತ ಹೆಪ್ಪುಗಟ್ಟೋ ಪರೀಕ್ಷೆ), ಪ್ಲೇಟ್ಲೆಟ್ ನೋಡಿ, ಅಲ್ಟ್ರಾಸೌಂಡ್ ಹಿಡಿದು ಒಮೆಂಟಮ್ಮಿನ ದಪ್ಪ ಜಾಗಕ್ಕೆ 18 ಗೇಜ್ ಕೋರ್ ಸೂಜಿ, ಮೂರ್ನಾಲ್ಕು ಚೂರು. ಎಲ್ಲ ಎಡವೋದು ಇಲ್ಲೇ: ಎಲ್ಲ ಚೂರನ್ನೂ ಫಾರ್ಮಲಿನ್‌ಗೆ ಹಾಕಿಬಿಡ್ತಾರೆ, ಆಮೇಲೆ ಕಲ್ಚರ್ ಮಾಡೋಕಾಗಲ್ಲ. ಒಂದು ಚೂರು ಸಲೈನ್‌ನಲ್ಲಿಟ್ಟು ಸಿಬಿನಾಟ್ (ಟಿಬಿ ಜೀನ್ ಪರೀಕ್ಷೆ), ಕಲ್ಚರ್‌ಗೆ ಕಳಿಸಿ. ಕ್ಯಾನ್ಸರ್ ಕಂಡರೆ ಅದರ ಮೂಲ ಗುರುತಿಸೋ ಸ್ಟೇನ್‌ಗಳಲ್ಲಿ ಕ್ಯಾಲ್ರೆಟಿನಿನ್ ಜೊತೆ ಪ್ಯಾಕ್ಸ್-8, ಕ್ಲಾಡಿನ್-4 ಕೇಳಿ. ಡಬ್ಲ್ಯುಟಿ-1 ಒಂದನ್ನೇ ನಂಬಬೇಡಿ, ಮೀಸೋಥೀಲಿಯೋಮಾ, ಸೀರಸ್ (ಅಂಡಾಶಯದ ಬಗೆಯ) ಕ್ಯಾನ್ಸರ್ ಎರಡರಲ್ಲೂ ಪಾಸಿಟಿವ್ ಬರುತ್ತೆ.

ಸಾಗರ_ಡ್ಯೂಟಿ: ಎಡಿಎ 18 ಬಂದಿದೆ, ಟಿಬಿಗೆ ಬಲ ಇಲ್ಲ. ಹಾಗಾದರೆ ಪೆಟ್?

ನೆರಳು_ಬೆಳಕು: ಟಿಬಿಯೂ ಪೆಟ್‌ನಲ್ಲಿ ಹೊಳೆಯುತ್ತೆ, ಲೋಳೆ ತುಂಬಿದ ಗಡ್ಡೆ ಎಷ್ಟೋ ಸಲ ಹೊಳೆಯೋದೇ ಇಲ್ಲ. ಬಯಾಪ್ಸಿಗೆ ಮೊದಲು ದುಡ್ಡು ದಂಡ. ಕ್ಯಾನ್ಸರ್ ಖಚಿತವಾಗಿ ಆಪರೇಷನ್ ಮಾತು ಬಂದರೆ ಡಿಫ್ಯೂಷನ್ ಎಂಆರ್‌ಐ ಮಾಡಿಸಿ, ಸಣ್ಣ ಗಂಟಿಗೆ ಸೀಟಿಗಿಂತ ವಾಸಿ. ಹೊಟ್ಟೆಯ 13 ಭಾಗಕ್ಕೆ 0ಯಿಂದ 3 ಅಂಕ ಹಾಕಿ ಪಿಸಿಐ (ಕ್ಯಾನ್ಸರ್ ಎಷ್ಟು ಹರಡಿದೆ ಅನ್ನೋ) ಲೆಕ್ಕ ಕೊಡಿ ಅಂತ ರಿಕ್ವೆಸ್ಟ್ ಫಾರಂನಲ್ಲೇ ಬರೆಯಿರಿ. ಬರೀ ‘ಹೊಟ್ಟೆನೋವು’ ಅಂತ ಬರೆದರೆ ಬರೀ ಹೊಟ್ಟೆನೋವಿನ ವರದಿಯೇ ಬರುತ್ತೆ.