ಸಹಾಯ ಬೇಕು: ಅಪ್ಪನ ಮರೆವು ಜಾಸ್ತಿಯಾದ ಮೇಲೆ ಜಿಪಿಎ ನಡೆಯಲ್ವಂತೆ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 74 ವರ್ಷ, ಮೈಸೂರಿನಲ್ಲಿದ್ದಾರೆ. ಮೂರು ತಿಂಗಳ ಹಿಂದೆ ಡಾಕ್ಟರು ಆಲ್ಜೈಮರ್ಸ್ ಶುರುವಾಗಿದೆ ಎಂದರು. ಸದ್ಯಕ್ಕೆ ಎಲ್ಲ ತಿಳಿಯುತ್ತದೆ, ಸಹಿ ಮಾಡುತ್ತಾರೆ, ಪಿಂಚಣಿ ಲೆಕ್ಕವನ್ನೂ ಸರಿಯಾಗಿ ಹೇಳುತ್ತಾರೆ.

ಮುಂದೆ ತೊಂದರೆ ಬೇಡ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಪ್ಪನ ಪರವಾಗಿ ವ್ಯವಹಾರ ನಡೆಸಲು ಕೊಡುವ ಅಧಿಕಾರ ಪತ್ರ) ಮಾಡಿಸಿದೆವು. ಈಗ ವಕೀಲರೊಬ್ಬರು, 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿಪಿಎ ಅಲ್ಲಿಗೇ ಮುಗಿಯುತ್ತದೆ ಎಂದರು. ನಮಗೆ ಅದು ಬೇಕಾಗಿದ್ದೇ ಆ ಹೊತ್ತಿಗೆ ಅಲ್ವಾ? ಇಂಗ್ಲೆಂಡಿನಲ್ಲಿರುವ ತಂಗಿ, ಅಲ್ಲಿ ಮರೆವು ಬಂದ ಮೇಲೂ ನಡೆಯುವ ಪವರ್ ಆಫ್ ಅಟಾರ್ನಿ ಇದೆ ಅನ್ನುತ್ತಾಳೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮೊದಲೇ ಪ್ರತಿನಿಧಿಯನ್ನು ಹೆಸರಿಸಬಹುದು, ಆದರೆ ಅದು ಚಿಕಿತ್ಸೆಯ ವಿಷಯಕ್ಕೆ, ಆಸ್ತಿಗಲ್ಲ. ಬ್ಯಾಂಕ್ ಖಾತೆಯನ್ನು ಅಮ್ಮನ ಜೊತೆ ಜಂಟಿ ಮಾಡಿಸಿದ್ದಾಯಿತು. ಉಳಿದಿರುವುದು ಅಪ್ಪನ ಹೆಸರಿನ ಮನೆ. ಆರೈಕೆಯ ಖರ್ಚಿಗೆ ಮುಂದೆ ಅದನ್ನು ಮಾರಬೇಕಾಗಬಹುದು.

ನನ್ನ ಪ್ರಶ್ನೆ: ಅಪ್ಪನಿಗೆ ತಿಳಿವಳಿಕೆ ಇರುವಾಗಲೇ ಟ್ರಸ್ಟ್ ಡೀಡ್ (ಮನೆಯನ್ನು ಅಪ್ಪನಿಗಾಗಿ ನೋಡಿಕೊಳ್ಳಲು ನಂಬಿಕಸ್ಥರಿಗೆ ಒಪ್ಪಿಸುವ ಪತ್ರ) ಮಾಡಿಸುವುದು ಒಳ್ಳೆಯದಾ, ಇಲ್ಲ ಮುಂದೆ ಗಾರ್ಡಿಯನ್ ಆಗಲು ಹೈಕೋರ್ಟ್‌ಗೆ ಅರ್ಜಿ ಹಾಕುವುದೇ ದಾರಿಯಾ? ಎರಡರಲ್ಲಿ ಯಾವುದನ್ನಾದರೂ ಮಾಡಿದವರಿದ್ದರೆ ಎಷ್ಟು ಸಮಯ, ಎಷ್ಟು ಖರ್ಚು ಹಿಡಿಯಿತು ಅಂತ ದಯವಿಟ್ಟು ಹೇಳಿ.