ಮಡಿಕೇರಿಯ ಹಂಚಿನ ಮನೆಯಲ್ಲಿ ರಾಕ್ ಆಲ್ಬಂ: ಮಳೆಗಾಲದಲ್ಲೇ ಶುರು ಮಾಡಬಹುದಾ?

ಪ್ರಶ್ನೆ:
ಎಂಟು ಹಾಡುಗಳ ಕನ್ನಡ ರಾಕ್ ಆಲ್ಬಂ. ಗಿಟಾರ್, ಬಾಸ್, ಗಾಯನ ಒಬ್ಬನದೇ, ಡ್ರಮ್ಸ್ ಪ್ರೋಗ್ರಾಮಿಂಗ್. ಲ್ಯಾಪ್‌ಟಾಪ್‌ಗೆ ಸದ್ದು ಕೊಡುವ ಎರಡು ಇನ್‌ಪುಟ್‌ನ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಎಸ್‌ಎಂ57 (ಡೈನಮಿಕ್ ಮೈಕ್), ಸಣ್ಣ ಗಿಟಾರ್ ಆಂಪ್ ಇದೆ. ಜುಲೈಯಲ್ಲಿ ಶುರು ಮಾಡಿದರೆ ಡಿಸೆಂಬರ್‌ಗೆ ಬಿಡುಗಡೆ ಸಾಧ್ಯವಾ? ಲೇಬಲ್ (ಸಂಗೀತ ಕಂಪನಿ) ಇಲ್ಲದೆ ಪ್ರಚಾರ ಹೇಗೆ?

ಉತ್ತರ 1:
ಶುರು ಮಾಡಿ, ಆದರೆ ಮಳೆ ಬಿಡುವವರೆಗೆ ಮೈಕ್ ಮುಟ್ಟಬೇಡಿ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತೆ, ಇಕ್ಯೂನಲ್ಲಿ (ಬೇಕಾದ ಫ್ರೀಕ್ವೆನ್ಸಿ ಏರಿಸಿ ಇಳಿಸುವ ಸಾಧನ) ತೆಗೆಯೋಕೆ ಆಗಲ್ಲ. ಗಿಟಾರ್, ಬಾಸ್ ಎರಡನ್ನೂ ನೇರವಾಗಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ ಕೊಟ್ಟು, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎಫೆಕ್ಟ್ ಇಲ್ಲದ ಡ್ರೈ ಟ್ರ್ಯಾಕ್ ತೆಗೆದಿಡಿ. ಪೀಕ್ (ಅತಿ ಜೋರಾದ ಮಟ್ಟ) ಮೈನಸ್ 10 ಡಿಬಿ ದಾಟದಿರಲಿ. ನುಡಿಸುವಾಗ ಹೆಡ್‌ಫೋನ್‌ಗೆ ಆಂಪ್ ಸಿಮ್ಯುಲೇಟರ್ ಸಾಕು, ನುಡಿಸಿದ್ದು ತಡವಾಗಿ ಕೇಳದಂತೆ ಸಾಫ್ಟ್‌ವೇರ್‌ನಲ್ಲಿ ಬಫರ್ 128 ಸ್ಯಾಂಪಲ್ ಇಡಿ. ನವೆಂಬರ್‌ನಲ್ಲಿ ಅದೇ ಟ್ರ್ಯಾಕನ್ನು ರೀ-ಆಂಪ್ ಬಾಕ್ಸ್ (ರೆಕಾರ್ಡ್ ಆದ ಸಿಗ್ನಲನ್ನು ಗಿಟಾರ್ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) ಮೂಲಕ ಆಂಪ್‌ಗೆ ಕಳಿಸಿ. ಎಸ್‌ಎಂ57 ಆಂಪ್‌ನ ಗ್ರಿಲ್‌ಗೆ ಹತ್ತಿರ, ಸ್ಪೀಕರ್ ಕೋನ್‌ನ ನಡುವಿನಿಂದ ಎರಡು ಬೆರಳಗಲ ಪಕ್ಕಕ್ಕೆ. ನಡುವಿಗೇ ಇಟ್ಟರೆ ಡಿಸ್ಟಾರ್ಷನ್ ಕಿವಿ ಕೊರೆಯುತ್ತೆ.

ಉತ್ತರ 2:
ಕಂಡೆನ್ಸರ್ ಬಗ್ಗೆ ಹುಷಾರು. ಸದ್ದು ಹಿಡಿಯುವ ಕ್ಯಾಪ್ಸೂಲ್‌ಗೆ ತೇವ ಹಿಡಿದರೆ ಚಾರ್ಜ್ ಸೋರಿ ಚಿಟಚಿಟ ಸದ್ದು ಬರುತ್ತೆ. ಕೇಬಲ್ ಹೋಗಿದೆ ಅಂತ ಎಷ್ಟೋ ಜನ ಹೊಸ ಕೇಬಲ್ ತರ್ತಾರೆ. ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಗಿಟಾರ್ ಕೇಸ್‌ನಲ್ಲೂ ಹಾಕಿ, ತೇವಾಂಶ 45–55% ಇದ್ದರೆ ನೆಕ್ ಬಾಗಲ್ಲ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ರೆಕಾರ್ಡ್ ಮಾಡಬೇಡಿ, ಪಿಕಪ್‌ಗೆ ಝುಂಯ್ ಅಂತ ಸೇರಿಕೊಳ್ಳುತ್ತೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇರಲಿ.

ಮಳೆ ನಿಂತರೂ ಜೀರುಂಡೆ ಬಿಡಲ್ಲ. ಅದರ ಸದ್ದು ‘ಸ’, ‘ಶ’ ಇರುವ ಜಾಗದಲ್ಲೇ ಕೂತಿರುತ್ತೆ, ನಾಯ್ಸ್ ರಿಡಕ್ಷನ್ ಹಾಕಿದರೆ ಸಾಹಿತ್ಯವೇ ಮಸುಕಾಗುತ್ತೆ. ಗಾಯನ ಹಗಲಲ್ಲೇ ಮುಗಿಸಿ. ಗೋಡೆಯ ಪ್ರತಿಧ್ವನಿ ಮೈಕ್‌ಗೆ ಬೀಳದಂತೆ ದಪ್ಪ ಕಂಬಳಿ ಮೈಕ್ ಹಿಂದೆ ಅಲ್ಲ, ಹಾಡುವವರ ಬೆನ್ನ ಹಿಂದೆ ಕಟ್ಟಿ.

ಉತ್ತರ 3:
ಡಿಸೆಂಬರ್ ಬೇಡ. ಮಿಕ್ಸ್ ಮುಗಿಯಲ್ಲ, ಕಾಫಿ ಕೊಯ್ಲಿನಲ್ಲಿ ಊರಿನವರಿಗೆ ಪುರುಸೊತ್ತೂ ಇರಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದೊಂದು ಸಿಂಗಲ್, ಏಪ್ರಿಲ್‌ನಲ್ಲಿ ಆಲ್ಬಂ. ಡಿಸ್ಟ್ರಿಬ್ಯೂಟರ್‌ಗೆ (ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಕಳಿಸುವ ಸೇವೆ) ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಬಿಡುಗಡೆಯಾಗದ ಹಾಡನ್ನಷ್ಟೇ ಪಿಚ್ ಮಾಡಬಹುದು, ಕನಿಷ್ಠ 7 ದಿನ ಮುಂಚೆ. ಸಿಂಗಲ್‌ನ ಐಎಸ್‌ಆರ್‌ಸಿಯನ್ನೇ (ಪ್ರತಿ ರೆಕಾರ್ಡಿಂಗ್‌ನ ಗುರುತಿನ ಕೋಡ್) ಆಲ್ಬಂನಲ್ಲೂ ಕೊಡಿ, ಹೊಸ ಕೋಡ್ ಕೊಟ್ಟರೆ ಪ್ಲೇ ಲೆಕ್ಕ ಒಡೆದುಹೋಗುತ್ತೆ. ಕಲಾವಿದರ ಹೆಸರಿನ ಕಾಗುಣಿತ ಪ್ರತಿ ಸಲ ಒಂದೇ ಇರಲಿ. ಜೋರಾದ ಹಾಡನ್ನು ಸ್ಪಾಟಿಫೈ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ಇಳಿಸುತ್ತೆ, ಆದ್ದರಿಂದ ಹಾಡು ಜೋರಾಗಲೆಂದು ಲಿಮಿಟರ್ ಹಾಕಿ ಡ್ರಮ್ಸ್ ಹೊಸಕಬೇಡಿ. ಸಾಹಿತ್ಯ, ಸಂಗೀತ ಎರಡೂ ನಿಮ್ಮದೇ ಆದ್ದರಿಂದ ಐಪಿಆರ್‌ಎಸ್ (ಬರೆದವರಿಗೆ ರಾಯಧನ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯತ್ವ ತಗೊಳ್ಳಿ.

ಪ್ರಶ್ನೆ ಕೇಳಿದವರು:
ರೀ-ಆಂಪ್ ಬಾಕ್ಸ್ ಸಿಗದಿದ್ದರೆ?

ಉತ್ತರ 1:
ಪ್ಯಾಸಿವ್ (ಕರೆಂಟ್ ಬೇಡದ) ಡಿಐ ಬಾಕ್ಸನ್ನು, ಅಂದರೆ ಗಿಟಾರ್ ಸಿಗ್ನಲನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆಯನ್ನು, ಉಲ್ಟಾ ಜೋಡಿಸಿ ಬಳಸಿ: ಇಂಟರ್‌ಫೇಸ್‌ನ ಲೈನ್ ಔಟ್ ಅದರ ಎಕ್ಸ್‌ಎಲ್‌ಆರ್‌ಗೆ (ಮೂರು ಪಿನ್‌ನ ಮೈಕ್ ಕನೆಕ್ಟರ್), ಗಿಟಾರ್ ಜ್ಯಾಕ್ ಆಂಪ್‌ಗೆ. ಔಟ್‌ಪುಟ್ ಪೂರ್ತಿ ಇಳಿಸಿಟ್ಟು ನಿಧಾನಕ್ಕೆ ಏರಿಸಿ. ಆಕ್ಟಿವ್ ಡಿಐ ಇದಕ್ಕೆ ಆಗಲ್ಲ.