ಹುಳು ಮನೆಗೆ ಎಸಿ ಬೇಕಾ?

ಮೊನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಶಿಡ್ಲಘಟ್ಟದ ಹತ್ತಿರ ನಮ್ಮ ಹಳೇ ರೇಷ್ಮೆ ಹುಳು ಮನೆ ಖಾಲಿ ಬಿದ್ದಿತ್ತು. ದೊಡ್ಡಣ್ಣನ ಮಗ ಪುಟ್ಟ ಅಲ್ಲಿ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ (ಹೈಡ್ರೋಪೋನಿಕ್ಸ್) ಲೆಟ್ಯೂಸ್ ಸೊಪ್ಪು ಬೆಳೆಯಲು ಹೊರಟಿದ್ದಾನೆ. ಎರಡು ರ‍್ಯಾಕ್, ಲೈಟು ಆಗಲೇ ಬಂದಿವೆ, ಗಿಡಗಳನ್ನೂ ಇಟ್ಟಿದ್ದಾನೆ. ಅವನು ಹಾಕಿದ ಒಂದು ಪೋಸ್ಟರಿನಿಂದ ಮಾತು ಶುರುವಾಯಿತು. ಈ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಪುಟ್ಟ, ರಾತ್ರಿ 8:04
(ಫಾರ್ವರ್ಡ್ ಆದ ಪೋಸ್ಟರ್: "ಮನೆಯೊಳಗೆ ಹೈಡ್ರೋಪೋನಿಕ್ಸ್. 24 ಡಿಗ್ರಿ, 60 ಪರ್ಸೆಂಟ್ ತೇವಾಂಶ. ವರ್ಷವಿಡೀ ಇಷ್ಟೇ ಇಡಿ, ಬೆಳೆ ಗ್ಯಾರಂಟಿ.")
ಅಪ್ಪಾ, ಇದಕ್ಕೇ ನಾನು ಎಸಿ ಕೇಳಿದ್ದು. ಒಂದೂವರೆ ಟನ್ ಸಾಕು.

ದೊಡ್ಡಣ್ಣ, 8:09
ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಸೊಪ್ಪಿಗೆ ಎಸಿ ಹಾಕಿದ್ದನ್ನು ನಾನು ಎಲ್ಲೂ ಕೇಳಿಲ್ಲ.

ಚಿಕ್ಕಣ್ಣ, 8:11
ಎಸಿ ಯಾಕಪ್ಪಾ? ಅದು ಹುಳು ಸಾಕಿದ ಮನೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟು, ನೆಲಕ್ಕೆ ನೀರು ಚಿಮುಕಿಸು. ಮೂವತ್ತು ವರ್ಷ ನಾವು ಮಾಡಿದ್ದು ಅದೇ. ಗೂಡು ಮಾರುಕಟ್ಟೆಯಲ್ಲಿ ನಮ್ಮ ಗೂಡಿಗೆ ಯಾವತ್ತೂ ಒಳ್ಳೇ ರೇಟು ಸಿಕ್ಕಿದೆ.

ಪುಟ್ಟ, 8:13
ಚಿಕ್ಕಪ್ಪ, ಹುಳಾನೇ ಬೇರೆ, ಲೆಟ್ಯೂಸೇ ಬೇರೆ.

ಚಿಕ್ಕಣ್ಣ, 8:14
ಗಾಳಿ ಒಂದೇ ಅಲ್ವಾ?

ನಾನು, 8:20
ಇಬ್ಬರೂ ಸ್ವಲ್ಪ ತಾಳಿ. ಚಿಕ್ಕಬಳ್ಳಾಪುರದ ಮನೆಯ ಮಹಡಿ ರೂಮಿನಲ್ಲಿ ನಾನು ಎರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಎರಡು ಬೆಳೆ ಕಳೆದುಕೊಂಡ ಮೇಲೆ ಕಲಿತಿದ್ದು ಹೇಳುತ್ತೇನೆ. ಆ ಪೋಸ್ಟರಿನ ನಂಬರ್ ಸುಳ್ಳಲ್ಲ. ಲೆಟ್ಯೂಸಿಗೆ 18ರಿಂದ 24 ಡಿಗ್ರಿ, ತೇವ 50ರಿಂದ 70 ಅಂತಲೇ ಲೆಕ್ಕ. ಆದರೆ ಮುಖ್ಯವಾದ ಮೂರು ವಿಷಯ ಅದರಲ್ಲಿ ಇಲ್ಲ. ನೀರಿನ ಬಿಸಿ ಎಷ್ಟು ಅಂತ ಇಲ್ಲ. ರಾತ್ರಿ ಏನಾಗುತ್ತದೆ ಅಂತ ಇಲ್ಲ. ಗಾಳಿ ಆಡುತ್ತದಾ ಅಂತಲೂ ಇಲ್ಲ.

ಪುಟ್ಟ, 8:22
ನೀರಿನ ಬಿಸಿ ಅಂದರೆ?

ನಾನು, 8:31
ಮೊದಲ ಬೆಳೆ ಏಪ್ರಿಲಿನಲ್ಲಿ ಹಾಕಿದ್ದೆ. ರೂಮಿನ ಮೀಟರ್ 26 ತೋರಿಸುತ್ತಿತ್ತು. ಆದರೂ ಮಧ್ಯಾಹ್ನ ಆದರೆ ಗಿಡ ಬಾಡಿ ಮಲಗುತ್ತಿತ್ತು. ಬೇರು ನೀರಿನಲ್ಲೇ ಇದೆ, ಗಿಡ ಬಾಡಿದೆ! ಸಾಮಾನು ಕೊಟ್ಟ ಅಂಗಡಿಯವರು ಗೊಬ್ಬರದ ದ್ರಾವಣ ಜಾಸ್ತಿ ಮಾಡಿ ಅಂದರು. ಮಾಡಿದೆ, ಇನ್ನೂ ಕೆಟ್ಟಿತು. ಕೊನೆಗೆ ಥರ್ಮಾಮೀಟರನ್ನು ಬೇರಿಗೆ ನೀರು ಹೋಗುವ ಡ್ರಮ್ಮಿಗೇ ಇಳಿಸಿದೆ. 31 ಇತ್ತು. ಡ್ರಮ್ ಟೆರೇಸಿನ ಬಿಸಿಲಲ್ಲಿತ್ತು, ಅದೂ ಕಪ್ಪು ಡ್ರಮ್. ಬೇರು ಎತ್ತಿ ನೋಡಿದರೆ ಟೀ ಬಣ್ಣ, ಲೋಳೆ, ಕೆಟ್ಟ ವಾಸನೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಆಗುತ್ತದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಡುತ್ತದೆ, 30 ಡಿಗ್ರಿ ನೀರು ಏಳೂವರೆ. ಇದು ಸಮುದ್ರಮಟ್ಟದ ಲೆಕ್ಕ, ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದೇ ಬಿಸಿಯಲ್ಲಿ ಬೇರಿಗೆ ಉಸಿರು ಜಾಸ್ತಿ ಬೇಕು. ಬೇರು ಕೊಳೆಸುವ ಪಿಥಿಯಂ ಅನ್ನುವ ರೋಗಾಣುವಿಗೂ ಆ ಬಿಸಿ ಇಷ್ಟ. ಅದಕ್ಕೇ ಗಾಳಿ 28 ಆದರೂ ನಾನು ಅಷ್ಟು ಹೆದರುವುದಿಲ್ಲ. ನೀರು 22 ದಾಟಿದರೆ ಗಮನ ಇಡುತ್ತೇನೆ, 25 ದಾಟಿದರೆ ಎದ್ದು ಓಡುತ್ತೇನೆ.

ಅತ್ತಿಗೆ, 8:33
ನೀರು ತಣ್ಣಗೆ ಮಾಡುವುದಕ್ಕೂ ಮಿಷನ್ ಬೇಕಾ?

ನಾನು, 8:37
ಬೇಡ ಅತ್ತಿಗೆ. ಚಿಕ್ಕಣ್ಣನ ಗೋಣಿಚೀಲ ಬೇಕಾಗುವುದು ಇಲ್ಲೇ. ಡ್ರಮ್ಮನ್ನು ಜಗುಲಿಯ ನೆರಳಿಗೆ ತಂದೆ, ಬಿಳಿ ಬಣ್ಣ ಹೊಡೆದೆ, ಸುತ್ತ ಒದ್ದೆ ಗೋಣಿ ಸುತ್ತಿದೆ. ಮಡಕೆ ನೀರು ತಣ್ಣಗಾಗುತ್ತದಲ್ಲ, ಹಾಗೆ. ಬೇಸಿಗೆಯ ಒಣ ಗಾಳಿಗೆ 31 ಇದ್ದ ನೀರು 24ಕ್ಕೆ ಇಳಿಯಿತು. ಜೊತೆಗೆ ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಒಂದು.

ಚಿಕ್ಕಣ್ಣ, 8:38
ನೋಡಿದೆಯಾ ಪುಟ್ಟ!

ನಾನು, 8:46
ಆದರೆ ಅಣ್ಣ, ಆ ಗೋಣಿಯನ್ನು ಈಗ ರೂಮಿನೊಳಗೆ ಕಟ್ಟುವುದು ಬೇಡ. ಮಾರ್ಚ್, ಏಪ್ರಿಲ್ ಆದರೆ ಸರಿ. ಈಗ ಅಕ್ಟೋಬರ್. ಹೊರಗಿನ ಗಾಳಿಯೇ ತೇವ ತುಂಬಿಕೊಂಡಿದೆ. ಗೋಣಿ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ, ತೇವ ಮಾತ್ರ ಏರುತ್ತದೆ. ಮಳೆಗಾಲದಲ್ಲಿ ಹುಳ ಬಿಳಿಯಾಗಿ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗ ಬಂದರೆ ನೀನೇ ಏನು ಮಾಡುತ್ತಿದ್ದೆ? ಹುಳದ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ, ಕಿಟಕಿ ತೆಗೆದು ತೇವ ಇಳಿಸುತ್ತಿದ್ದೆ. ಆಗ ಗೋಣಿ ಕಟ್ಟುತ್ತಿದ್ದೆಯಾ?

ಚಿಕ್ಕಣ್ಣ, 8:50
ಇಲ್ಲ, ಅದು ನಿಜ. ಚಾಕಿ ಹುಳಕ್ಕೆ (ಎಳೆ ಹುಳ) ಬೇರೆ, ದೊಡ್ಡ ಹುಳಕ್ಕೆ ಬೇರೆ. ಚಾಕಿಗೆ 27-28 ಡಿಗ್ರಿ, 85-90 ತೇವ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲೆ 24ರ ಆಸುಪಾಸು, ತೇವ 70. ಒಂದೇ ನಂಬರ್ ಹಿಡಿದು ಕೂತರೆ ಬೆಳೆ ಹೋಗುತ್ತದೆ.

ನಾನು, 8:53
ಗಿಡಕ್ಕೂ ಹಾಗೇ ಅಣ್ಣ. ಮೊಳಕೆಗೆ ಮುಚ್ಚಳದ ಕೆಳಗಿನ ತೇವ ಬೇಕು, ಎಲೆ ಬಲಿತ ಮೇಲೆ ಬೇಡ. ಈ ಮಾತು ಆ ಪೋಸ್ಟರಿನಲ್ಲಿ ಇರಬೇಕಿತ್ತು.

ಅತ್ತಿಗೆ, 8:55
ಬೇಸಿಗೆಯಲ್ಲಿ ನನ್ನ ಟ್ರೇನಲ್ಲಿ ಲೆಟ್ಯೂಸ್ ಬೀಜ ಹುಟ್ಟಲೇ ಇಲ್ಲ. ಬೀಜ ಹಳೇದು ಅಂದುಕೊಂಡೆ.

ನಾನು, 8:57
ಹಳೇದು ಆಗಿರಲಿಕ್ಕಿಲ್ಲ. 28-30 ದಾಟಿದರೆ ಲೆಟ್ಯೂಸ್ ಬೀಜ ಮೊಳೆಯದೆ ಮಲಗಿಬಿಡುತ್ತದೆ. ನೆನೆಸಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ದಿನ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ, ಆಮೇಲೆ ತಂಪು ಜಾಗದಲ್ಲಿ ಬಿತ್ತಿ.

ಪುಟ್ಟ, 9:02
ಅತ್ತೆ, ಅದೆಲ್ಲ ಸರಿ. ಎಸಿ ಹಾಕಿದರೆ ಈ ಯಾವ ತಲೆನೋವೂ ಇಲ್ಲ ಅಲ್ವಾ? ಬಿಸಿಯೂ ಇಳಿಯುತ್ತದೆ, ತೇವವೂ ಇಳಿಯುತ್ತದೆ.

ನಾನು, 9:15
ಎರಡೂ ಇಳಿಯುತ್ತದೆ, ಒಪ್ಪುತ್ತೇನೆ. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಗಿಡ ಉಸಿರಾಡಿ ಬಿಟ್ಟ ತೇವವೂ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಹತ್ತಾರು ರ‍್ಯಾಕ್ ಇಟ್ಟವರಿಗೆ ಎಸಿ ಬೇಕೇ ಬೇಕು. ನಿನಗಿರುವುದು ಎರಡು. ಒಂದೂವರೆ ಟನ್ ಎಸಿ ಜೋರಾಗಿ ಓಡಿದರೆ ಗಂಟೆಗೆ ಹೆಚ್ಚು ಕಡಿಮೆ ಒಂದೂವರೆ ಯೂನಿಟ್. ಮೇಲೆ ಸಿಮೆಂಟ್ ಶೀಟು. ಮಧ್ಯಾಹ್ನ ಕರೆಂಟ್ ಹೋದರೆ, ಎಸಿಗೆ ಅಂತ ಬಿಗಿಯಾಗಿ ಮುಚ್ಚಿದ ಆ ರೂಮು ಅರ್ಧ ಗಂಟೆಯಲ್ಲಿ ಒಲೆ ಆಗುತ್ತದೆ. ಮೊದಲು ಶೀಟಿನ ಮೇಲೆ ತೆಂಗಿನ ಗರಿ ಹೊದಿಸು. ನಿಮ್ಮ ತಾತ ಹುಳಕ್ಕೆ ಮಾಡುತ್ತಿದ್ದುದೂ ಅದೇ.

ಇನ್ನೊಂದು ವಿಷಯ. ನಿನ್ನ ಲೈಟು 300 ವ್ಯಾಟ್ ಅಂದೆ. ಅದು ಎಳೆಯುವ ಕರೆಂಟೆಲ್ಲ ಕೊನೆಗೆ ರೂಮಿನಲ್ಲಿ ಬಿಸಿಯಾಗಿಯೇ ಉಳಿಯುತ್ತದೆ. ಹಗಲಲ್ಲಿ ಅದನ್ನು ಉರಿಸಿ, ಆ ಬಿಸಿ ತೆಗೆಯಲು ಎಸಿ ಹಾಕುತ್ತೀಯಾ? ಸಂಜೆ 6ಕ್ಕೆ ಹಾಕು, ಬೆಳಿಗ್ಗೆ 8ಕ್ಕೆ ಆರಿಸು. ಗಿಡಕ್ಕೆ 14 ಗಂಟೆ ಬೆಳಕು ಬೇಕು ಅಷ್ಟೇ. ಅದು ಸೂರ್ಯ ಇರುವಾಗಲೇ ಸಿಗಬೇಕು ಅಂತ ಇಲ್ಲ.

ದೊಡ್ಡಣ್ಣ, 9:17
ಇದು ಒಳ್ಳೇ ಮಾತು.

ಪುಟ್ಟ, 9:19
ರಾತ್ರಿ ಹೇಗೂ ತಂಪು, ತೊಂದರೆ ಇಲ್ಲ ಅಂತ ನಾನು ಹಗಲಲ್ಲೇ ಹಾಕುತ್ತಿದ್ದೆ.

ನಾನು, 9:34
ರಾತ್ರಿಯೇ ತೊಂದರೆ ಕಣೋ. ನನ್ನ ಎರಡನೇ ಬೆಳೆ ಹೋಗಿದ್ದು ಅಲ್ಲೇ. ಬಿಸಿ ಗಾಳಿ ತೇವ ಜಾಸ್ತಿ ಹಿಡಿಯುತ್ತದೆ, ತಣ್ಣನೆ ಗಾಳಿ ಕಡಿಮೆ. ಸಂಜೆ ನಿನ್ನ ರೂಮಿನಲ್ಲಿ 28 ಡಿಗ್ರಿ, 60 ಪರ್ಸೆಂಟ್ ಇದೆ ಅಂದುಕೋ. ಪೋಸ್ಟರಿನ ಪ್ರಕಾರ ತೇವ ಸರಿಯಾಗಿದೆ. ಲೈಟ್ ಆರಿಸಿ ಬಾಗಿಲು ಹಾಕಿ ಮಲಗಿದೆ. ಬೆಳಗಿನ ಜಾವ 20ಕ್ಕೆ ಇಳಿಯಿತು. ಒಂದು ತೊಟ್ಟು ನೀರು ಸೇರಿಸದಿದ್ದರೂ ಅದೇ ಗಾಳಿಯ ತೇವ 97ರ ಹತ್ತಿರ ಹೋಗುತ್ತದೆ. ಎಲೆ ಮೇಲೆ ಹನಿ ಕೂರುತ್ತದೆ. ರಾತ್ರಿ ಎಲೆ ಒದ್ದೆಯಾದರೆ ಬೂಜು ರೋಗ ಹೇಗೆ ಹತ್ತುತ್ತದೆ ಅಂತ ದ್ರಾಕ್ಷಿ ಬೆಳೆದ ಅತ್ತಿಗೆಯ ತವರಿನವರನ್ನು ಕೇಳು.

ನನಗೆ ಆಗಿದ್ದು ಇನ್ನೊಂದು. ಒಳಗಿನ ಎಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ಕ್ಯಾಲ್ಸಿಯಂ ಕಡಿಮೆ, ಇನ್ನೊಂದು ಬಾಟಲಿ ತಗೊಳ್ಳಿ ಅಂತ ಅಂಗಡಿಯವರು ಅಂದರು. ಡ್ರಮ್ಮಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿತ್ತು. ಅದು ನೀರಿನ ಜೊತೆಗೇ ಮೇಲೆ ಹತ್ತಬೇಕು. ಎಲೆ ತೇವ ಬಿಟ್ಟರೆ ತಾನೇ ನೀರು ಹತ್ತುವುದು? ಸುತ್ತ ಗಾಳಿ ನಿಂತುಹೋಗಿದೆ, ತೇವ ತುಂಬಿದೆ, ಒಳಗಿನ ಎಲೆ ಏನನ್ನೂ ಬಿಡಲಾರದು. ಒಂದು ಸಣ್ಣ ಫ್ಯಾನ್ ಎಲೆಯನ್ನು ಮೆಲ್ಲಗೆ ಅಲುಗಾಡಿಸುವ ಹಾಗೆ ಇಟ್ಟೆ. ಮುಂದಿನ ಸಲ ಆ ಕಂದು ಅಂಚು ಬರಲಿಲ್ಲ.

ಅದಕ್ಕೇ ಹೇಳುವುದು, ಬಿಸಿ ಮತ್ತು ತೇವವನ್ನು ಬೇರೆ ಬೇರೆ ನೋಡಬೇಡ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಲೈಟು ರಾತ್ರಿ ಉರಿದರೆ ರೂಮು ಅಷ್ಟು ತಣ್ಣಗಾಗುವುದಿಲ್ಲ, ತೇವವೂ ಅಷ್ಟು ಏರುವುದಿಲ್ಲ.

ಪುಟ್ಟ, 9:38
ಹಾಗಾದರೆ ಮೊದಲು ತೇವದ ಮೀಟರ್ ಕೊಳ್ಳುತ್ತೇನೆ.

ಅಮ್ಮ, 9:41 (ಧ್ವನಿ ಸಂದೇಶ)
ಯಾಕೋ ಕೊಳ್ಳುತ್ತೀಯಾ? ತಾತನ ಮೀಟರ್ ಅಲ್ಲೇ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಎರಡು ಥರ್ಮಾಮೀಟರ್ ಕಡ್ಡಿ ಇರುವುದು. ಒಂದಕ್ಕೆ ಬಟ್ಟೆ ಸುತ್ತಿ ನೀರು ಹಾಕುತ್ತಿದ್ದರು.

ಚಿಕ್ಕಣ್ಣ, 9:43
ಹೌದು, ಒಣ ಕಡ್ಡಿ, ಒದ್ದೆ ಕಡ್ಡಿ! ಎರಡರ ನಡುವೆ ಅಂತರ ಇದ್ದರೆ ಗಾಳಿ ಒಣಗಿದೆ ಅಂತ. ಎರಡೂ ಹತ್ತಿರ ಬಂದರೆ ತೇವ ತುಂಬಿದೆ. ಪಾದರಸ ಒಡೆದಿಲ್ಲ ತಾನೇ, ನೋಡು.

ಪುಟ್ಟ, 9:58
ಚೆನ್ನಾಗಿಯೇ ಇದೆ. ಹೊಸ ಬತ್ತಿ ಹಾಕಿದೆ. ಅತ್ತೆ, ಇವತ್ತು ಲೈಟು ಆಗಲೇ ಆರಿಸಿದ್ದೇನೆ. ಹಾಗೇ ಬಿಟ್ಟು ಬೆಳಿಗ್ಗೆ ಎದ್ದು ನೋಡುತ್ತೇನೆ.

ಪುಟ್ಟ, ಬೆಳಿಗ್ಗೆ 5:20
ಒಣ 21. ಒದ್ದೆ ಇಪ್ಪತ್ತೂವರೆ. ಎಲೆ ಮುಟ್ಟಿದರೆ ಒದ್ದೆ.

ನಾನು, 5:26
ತೇವ 95ರ ಮೇಲಿದೆ. ಕಿಟಕಿ ಮಾತ್ರ ತೆಗೆದರೆ ಸಾಲದು, ಹೊರಗೂ ಮಂಜಿದೆ. ಲೈಟು ಹಾಕು, ಫ್ಯಾನ್ ಹಾಕು. ಒಂದು ಗಂಟೆ ಬಿಟ್ಟು ನೋಡು.

ಪುಟ್ಟ, 6:31
ಒಣ 24, ಒದ್ದೆ ಇಪ್ಪತ್ತೊಂದೂವರೆ. ಎಲೆ ಆರಿದೆ ಅತ್ತೆ.

ಚಿಕ್ಕಣ್ಣ, 6:33
80ಕ್ಕೆ ಬಂತು. ಮೇಲಿನ ಗವಾಕ್ಷಿ ತೆಗೆ. ಬಿಸಿ ಗಾಳಿ ತೇವ ಹೊತ್ತುಕೊಂಡು ಅಲ್ಲಿಂದ ಹೋಗುತ್ತದೆ, ಇನ್ನೂ ಇಳಿಯುತ್ತದೆ.

ದೊಡ್ಡಣ್ಣ, 6:40
ತೆಂಗಿನ ಗರಿ ಎಷ್ಟು ಬೇಕು ಅಂತ ಅಳತೆ ತೆಗೆದುಕೊಂಡು ಬಾ. ಭಾನುವಾರ ನಾನೇ ಬಂದು ಹೊದಿಸುತ್ತೇನೆ.